ಇಬ್ಬರು ಥಾಮಸ್‌ಗಳು, ಒಂದು ನೆರಳು

ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಒಂದೇ ಕಾಲದಲ್ಲಿದ್ದ ಇಬ್ಬರು ಥಾಮಸ್‌ಗಳ ಹೆಸರು ಇಂದಿಗೂ ಎರಡು ರೋಗಗಳಿಗೆ ಅಂಟಿಕೊಂಡಿದೆ. ಥಾಮಸ್ ಹಾಡ್ಜ್‌ಕಿನ್ 1832ರಲ್ಲಿ ದುಗ್ಧಗ್ರಂಥಿಗಳೂ ಗುಲ್ಮವೂ ಊದಿಕೊಂಡ ಏಳು ರೋಗಿಗಳ ವಿವರ ಬರೆದ. ಥಾಮಸ್ ಅಡಿಸನ್ 1855ರಲ್ಲಿ, ಮೂತ್ರಪಿಂಡಗಳ ನೆತ್ತಿಯ ಮೇಲಿನ ಅಡ್ರೀನಲ್ ಗ್ರಂಥಿಗಳು ಕೆಟ್ಟರೆ ಮನುಷ್ಯ ಹೇಗೆ ಸೊರಗಿ, ಮೈ ಕಪ್ಪಾಗಿ ಸಾಯುತ್ತಾನೆಂದು ಹನ್ನೊಂದು ರೋಗಿಗಳ ಮೂಲಕ ತೋರಿಸಿದ. ಇಬ್ಬರೂ ರೋಗದ ನೆಲೆಯನ್ನು ಕಂಡದ್ದು ಬಹುಮಟ್ಟಿಗೆ ಶವಪರೀಕ್ಷೆಯ ಮೇಜಿನ ಮೇಲೆ.

ವೈದ್ಯಕೀಯದ ಚರಿತ್ರೆ ಓದುವ ನನ್ನನ್ನು ಈ ಇಬ್ಬರ ದಾರಿಗಳು ಕೂಡುವ ಅಪರೂಪದ ಕಾಯಿಲೆಯೊಂದು ಕಾಡುತ್ತದೆ: ಅಡ್ರೀನಲ್ ಗ್ರಂಥಿಯ ಲಿಂಫೋಮಾ, ಅಂದರೆ ಅಲ್ಲಿ ಬೆಳೆಯುವ ದುಗ್ಧಕಣಗಳ ಕ್ಯಾನ್ಸರ್.

ಹೊಟ್ಟೆಯ ಆಳದ ಈ ಪುಟ್ಟ ಗ್ರಂಥಿ ಕೈಗೆ ಸಿಗದು. 1971ರ ಅಕ್ಟೋಬರ್ 1ರಂದು ಗಾಡ್‌ಫ್ರೀ ಹೌನ್ಸ್‌ಫೀಲ್ಡ್‌ನ ಸಿ.ಟಿ. ಯಂತ್ರ ಲಂಡನ್ನಿನಲ್ಲೇ ಮೊದಲ ರೋಗಿಯ ಮೆದುಳನ್ನು ತೋರಿಸಿತು. ಕೆಲವೇ ವರ್ಷಗಳಲ್ಲಿ ಅದರ ಕಣ್ಣು ಹೊಟ್ಟೆಗೂ ಇಳಿಯಿತು. ಬದುಕಿರುವವರ ಅಡ್ರೀನಲ್ ಕಂಡಿತು.

ಆರೋಗ್ಯವಂತರಲ್ಲಿ ಅದು ತಲೆಕೆಳಗಾದ ವೈ ಅಕ್ಷರದಂತೆ ತೆಳ್ಳಗಿರುತ್ತದೆ. ಲಿಂಫೋಮಾದಲ್ಲಿ ಹೆಚ್ಚಾಗಿ ಎರಡೂ ಬದಿ ದೊಡ್ಡ ಗಡ್ಡೆಗಳು. ಬಣ್ಣ ಬಹುಪಾಲು ಒಂದೇ ಸಮ. ಕಾಂಟ್ರಾಸ್ಟ್ ಔಷಧಿ ಕೊಟ್ಟರೂ ಅಷ್ಟೇನೂ ಹೊಳೆಯವು. ಕೆಲವೊಮ್ಮೆ ಗ್ರಂಥಿ ತನ್ನ ಆಕಾರ ಬಿಡದೆಯೇ ಉಬ್ಬಿರುತ್ತದೆ. ನಿರಪಾಯದ ಅಡಿನೋಮಾದಲ್ಲಿ ಕೊಬ್ಬಿರುವುದರಿಂದ ಅದರ ಸಾಂದ್ರತೆ, ನೀರನ್ನು ಸೊನ್ನೆಯೆಂದು ಹಿಡಿಯುವ ಹೌನ್ಸ್‌ಫೀಲ್ಡ್ ಅಳತೆಯಲ್ಲಿ, ಸಾಮಾನ್ಯವಾಗಿ 10ರೊಳಗೆ. ಲಿಂಫೋಮಾ ಅದಕ್ಕಿಂತ ಗಟ್ಟಿ.

ಆದರೆ ಕ್ಷಯ, ಶಿಲೀಂಧ್ರದ ಸೋಂಕು, ಬೇರೆಡೆಯಿಂದ ಹರಡಿದ ಕ್ಯಾನ್ಸರ್ ಕೂಡ ಇದೇ ವೇಷ ಹಾಕಬಲ್ಲವು. ಅಡಿಸನ್ನನ ರೋಗಿಗಳಲ್ಲೂ ಹಲವರಿಗಿದ್ದದ್ದು ಕ್ಷಯ. ನಮ್ಮ ದೇಶದಲ್ಲಿ ಇಂದಿಗೂ ಅದನ್ನು ಮರೆಯುವಂತಿಲ್ಲ. ತಪ್ಪಿದರೆ ಬೆಲೆ ದೊಡ್ಡದು: ಕ್ಷಯಕ್ಕೆ ತಿಂಗಳುಗಟ್ಟಲೆ ಮಾತ್ರೆ, ಲಿಂಫೋಮಾಕ್ಕೆ ಕೀಮೋಥೆರಪಿ. ಎರಡೂ ಗ್ರಂಥಿ ಸೋತವರಿಗೆ ಜೀವ ಉಳಿಸಲು ಸ್ಟೀರಾಯ್ಡ್ ಬೇಕು. ಅದೇ ಸ್ಟೀರಾಯ್ಡ್ ಲಿಂಫೋಮಾವನ್ನು ಕುಗ್ಗಿಸಿ ಬಯಾಪ್ಸಿಯನ್ನು ಮಸುಕಾಗಿಸಬಹುದು. ಸೂಜಿ ಹಾಕುವ ಮುನ್ನ ಫಿಯೋಕ್ರೋಮೋಸೈಟೋಮಾ ಅಲ್ಲವೆಂದು ರಕ್ತ ಅಥವಾ ಮೂತ್ರ ಪರೀಕ್ಷೆಯಿಂದ ಖಚಿತವಾಗಬೇಕು. ಇಲ್ಲವಾದರೆ ರಕ್ತದೊತ್ತಡ ಪ್ರಾಣಾಂತಿಕವಾಗಿ ಏರೀತು.

ಹಾಡ್ಜ್‌ಕಿನ್ ಕಂಡ ದೇಹಗಳ ಕೆಲವು ತುಣುಕುಗಳು ಗೈಸ್ ಸಂಗ್ರಹಾಲಯದಲ್ಲಿ ಉಳಿದಿದ್ದವು. 1926ರಲ್ಲಿ ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಎಲ್ಲವೂ ಅವನ ಹೆಸರಿನ ರೋಗವಲ್ಲವೆಂದು ತಿಳಿಯಿತು. ಬರಿಗಣ್ಣಿಗಾದ ಗತಿಯೇ ಯಂತ್ರದ ಕಣ್ಣಿಗೂ. ಸಿ.ಟಿ. ಅನುಮಾನ ಹುಟ್ಟಿಸುತ್ತದೆ; ತೀರ್ಪು ಕೊಡುವುದು ಆ ತುಣುಕೇ.