ಹಳತೂ ಇರಲಿ, ಹೊಸತೂ ಬರಲಿ: ಮೇಲ್ ಸರ್ವರ್ ಪ್ಯಾಕೇಜ್‌ಗಳ ನಾಲ್ಕು ದಶಕ

ಕೋಟದ ಸಹಕಾರಿ ಸಂಘವೊಂದು ತನ್ನದೇ ಮೇಲ್ ಸರ್ವರ್ ಇಟ್ಟುಕೊಂಡಿದೆ ಎನ್ನಿ. ಅದನ್ನು ಹೊಂದಿಸಿಕೊಟ್ಟ ಹುಡುಗ ಬೆಂಗಳೂರು ಸೇರಿ ವರ್ಷಗಳಾಗಿವೆ. ಒಂದು ಅಪ್‌ಡೇಟ್ ಆದ ಮೇಲೆ ಹೊಸ ಆವೃತ್ತಿಯು ಹಳೆಯ ಕಾನ್ಫಿಗರೇಶನ್ ಫೈಲನ್ನು ಒಪ್ಪದಿದ್ದರೆ ಸಂಘದ ಟಪಾಲು ಅಲ್ಲಿಗೇ ನಿಲ್ಲುತ್ತದೆ. ಡೆಬಿಯನ್, ಫ್ರೀಬಿಎಸ್‌ಡಿಯಂಥ ಪ್ಯಾಕೇಜ್ ಸಂಗ್ರಹಗಳು ಒಂದೇ ತಂತ್ರಾಂಶದ ಹಲವು ಆವೃತ್ತಿಗಳನ್ನು ಸಲಹುವುದು ಇಂಥ ಬಳಕೆದಾರರಿಗಾಗಿಯೇ.

ಮೊದಲು ಈ ತಲೆನೋವು ಇರಲಿಲ್ಲ. ಎರಿಕ್ ಆಲ್‌ಮನ್ ಬರೆದ ಸೆಂಡ್‌ಮೇಲ್ 1983ರಲ್ಲಿ ಬರ್ಕ್ಲಿಯ ಯುನಿಕ್ಸ್ ಜೊತೆಗೇ ಬಂತು. ಸಿಸ್ಟಂ ಕೊಟ್ಟ ಆವೃತ್ತಿಯೇ ಎಲ್ಲರ ಆವೃತ್ತಿ. ಯಂತ್ರದಿಂದ ಯಂತ್ರಕ್ಕೆ ತಾನೇ ಹರಡುತ್ತಿದ್ದ 1988ರ ಮಾರಿಸ್ ವರ್ಮ್ ಸೆಂಡ್‌ಮೇಲ್‌ನ ಡೀಬಗ್ ಕಿಂಡಿಯಿಂದ ನುಸುಳಿದಾಗ, ಒಂದನ್ನೇ ನಂಬಿದರೆ ಏನಾಗುತ್ತದೆಂದು ತಿಳಿಯಿತು. 1995ರಲ್ಲಿ ಕೇಂಬ್ರಿಜ್‌ನ ಫಿಲಿಪ್ ಹೇಝಲ್ ಅವರ ಎಕ್ಸಿಮ್, 1998ರಲ್ಲಿ ವೀಟ್ಸೆ ವೆನೆಮಾ ಅವರ ಪೋಸ್ಟ್‌ಫಿಕ್ಸ್ ಬಂದವು. ಡ್ಯಾನ್ ಬರ್ನ್‌ಸ್ಟೀನ್ ಅವರ ಕ್ಯೂಮೇಲ್ 1998ರ 1.03ಕ್ಕೆ ನಿಂತಿತು. ತಿದ್ದಿದ ಪ್ರತಿಯನ್ನು ಹಂಚಲು ಅದರ ಪರವಾನಗಿಯಲ್ಲಿ ಅವಕಾಶವಿಲ್ಲದ ಕಾರಣ, 2007ರಲ್ಲಿ ಸಾರ್ವಜನಿಕ ಸ್ವತ್ತಾಗುವವರೆಗೆ ಪ್ಯಾಕೇಜ್ ಕಟ್ಟುವವರು ಮೂಲ ಕೋಡ್ ಒಂದು ಕಡೆ, ತೇಪೆಗಳು ಇನ್ನೊಂದು ಕಡೆ ಇಟ್ಟು ನಿಭಾಯಿಸಿದರು.

ಇವೆಲ್ಲ ಒಂದೇ ಯಂತ್ರದಲ್ಲಿ ಸುಲಭಕ್ಕೆ ಹೊಂದಿಕೊಳ್ಳುವುದಿಲ್ಲ. ಟಪಾಲು ಬಂದು ಸೇರುವ ಪೋರ್ಟ್ 25 ಒಂದೇ. ಉಳಿದ ಪ್ರೋಗ್ರಾಂಗಳೆಲ್ಲ ಕರೆಯುವುದು ‘ಸೆಂಡ್‌ಮೇಲ್’ ಎಂಬ ಒಂದೇ ಕಮಾಂಡನ್ನು. ಡೆಬಿಯನ್ ಎಲ್ಲಕ್ಕೂ ಒಂದು ಸಾಮಾನ್ಯ ಹೆಸರು ಕೊಟ್ಟು, ಒಂದಿದ್ದರೆ ಇನ್ನೊಂದು ಕೂಡದೆಂದು ನಿಯಮ ಮಾಡಿತು. ನೆಟ್‌ಬಿಎಸ್‌ಡಿ ‘ಮೇಲ್‌ರ‍್ಯಾಪರ್’ ಎಂಬ ನಡುವರ್ತಿಯನ್ನು ಇಟ್ಟಿತು. ಬಂದ ಕರೆಯನ್ನು ಯಾರಿಗೆ ದಾಟಿಸಬೇಕೆಂದು ಆಡಳಿತಗಾರನೇ ಒಂದು ಫೈಲಿನಲ್ಲಿ ಬರೆದಿಡಬಹುದು.

ಬೇರೆ ಬೇರೆ ತಂತ್ರಾಂಶಗಳ ಜಗಳ ಹೀಗೆ ತೀರಿತು. ಒಂದೇ ತಂತ್ರಾಂಶದ ಎರಡು ತಲೆಮಾರುಗಳ ಜಗಳ ತೀರುವುದು ಕಷ್ಟವಾಯಿತು. 2002ರಲ್ಲಿ ಬಂದ ಎಕ್ಸಿಮ್ 4ಕ್ಕೆ ಎಕ್ಸಿಮ್ 3ರ ಕಾನ್ಫಿಗರೇಶನ್ ಹೊಂದಲಿಲ್ಲ. ಡೆಬಿಯನ್ ಹಳತನ್ನು ‘ಎಕ್ಸಿಮ್’ ಆಗಿಯೇ ಉಳಿಸಿ, ಹೊಸತನ್ನು ‘ಎಕ್ಸಿಮ್4’ ಎಂಬ ಬೇರೆ ಪ್ಯಾಕೇಜ್ ಮಾಡಿತು. ಹಳತು ಹೋಗಿ ಎಷ್ಟೋ ಕಾಲವಾದರೂ ಆ ನಾಲ್ಕು ಹೆಸರಿನಲ್ಲೇ ಉಳಿದಿದೆ.

ಹಳೆಯ ಆವೃತ್ತಿ ಉಳಿಸಿದರೆ ಸಾಲದು, ಅದರ ತೂತನ್ನೂ ಮುಚ್ಚುತ್ತಿರಬೇಕು. 2023ರ ಡಿಸೆಂಬರ್‌ನಲ್ಲಿ ‘ಎಸ್‌ಎಂಟಿಪಿ ಸ್ಮಗ್ಲಿಂಗ್’ ದೋಷ ಬಯಲಾದಾಗ ಪೋಸ್ಟ್‌ಫಿಕ್ಸ್ 3.8.4, 3.7.9, 3.6.13, 3.5.23 ಎಂದು ನಾಲ್ಕು ಶಾಖೆಗಳಿಗೂ ಪರಿಹಾರ ಕೊಟ್ಟಿತು. ಡೆಬಿಯನ್ 12ರಲ್ಲಿದ್ದದ್ದು 3.7, ಡೆಬಿಯನ್ 11ರಲ್ಲಿದ್ದದ್ದು 3.5. ಮೂಲ ಲೇಖಕರೇ ಹೀಗೆ ಕೈಜೋಡಿಸದಿದ್ದರೆ ಹೊಸ ಕೋಡಿನ ತಿದ್ದುಪಡಿಯನ್ನು ಹಳೆಯದಕ್ಕೆ ಹೊಂದಿಸುವ ಕೆಲಸ ಪ್ಯಾಕೇಜ್ ನೋಡಿಕೊಳ್ಳುವ ಸ್ವಯಂಸೇವಕನ ತಲೆಗೆ ಬರುತ್ತದೆ.

ಈ ಹೊರೆಯನ್ನು ತಂತ್ರಾಂಶವೇ ಹೊರಲಿ ಎಂಬುದು ಈಚಿನ ದಾರಿ. 2015ರ ಪೋಸ್ಟ್‌ಫಿಕ್ಸ್ 3.0 ಹಳೆಯ ಕಾನ್ಫಿಗರೇಶನ್ ಕಂಡರೆ ಹಳೆಯ ನಡವಳಿಕೆಯನ್ನೇ ಇಟ್ಟುಕೊಂಡು, ಎಲ್ಲಿ ಬದಲಿಸಬೇಕೆಂದು ಲಾಗ್‌ನಲ್ಲಿ ಎಚ್ಚರಿಸುತ್ತದೆ. ಕನ್ನಡ ಲಿಪಿಯ ಇಮೇಲ್ ವಿಳಾಸಕ್ಕೆ ಬೇಕಾದ ಎಸ್‌ಎಂಟಿಪಿಯುಟಿಎಫ್8 ಬಂದದ್ದೂ ಅದೇ ಆವೃತ್ತಿಯಲ್ಲಿ. ‘.ಭಾರತ’ ಡೊಮೇನಿನಲ್ಲಿ ಕನ್ನಡದ ವಿಳಾಸ ಬೇಕೆನ್ನುವವರು ಅದರ ಹಿಂದಿನ 2.11ಕ್ಕೇ ಅಂಟಿ ಕೂರುವಂತಿಲ್ಲ. ಬಂದ ಟಪಾಲನ್ನು ಬಳಕೆದಾರನಿಗೆ ಓದಲು ಕೊಡುವ ಡವ್‌ಕಾಟ್‌ನ 2025ರ ಜನವರಿಯ 2.4 ಆವೃತ್ತಿ ಇನ್ನೊಂದು ಬಗೆ: ಯಾವ ಆವೃತ್ತಿಗೆ ಬರೆದದ್ದೆಂದು ಕಾನ್ಫಿಗರೇಶನ್‌ನ ಮೊದಲಲ್ಲೇ ಹೇಳಬೇಕು, 2.3ರ ಫೈಲನ್ನು ಅದು ಹಾಗೆಯೇ ಓದದು. ಅದೇ ವರ್ಷದ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಈ 2.4ನ್ನೇ ತಂದಿತು.

ಹಲವು ಆವೃತ್ತಿಗಳನ್ನು ಇಡುವುದು ಬಳಕೆದಾರನಿಗೆ ಕೊಡುವ ಕಾಲಾವಕಾಶ ಮಾತ್ರ. ತೇಪೆ ಹಾಕುವ ಕೈ ಇರುವವರೆಗೆ ಹಳತು ಇರಲಿ. ಆ ಕೈ ಇಲ್ಲವಾದ ದಿನ ಅದನ್ನು ಸಂಗ್ರಹದಿಂದ ತೆಗೆಯುವುದೇ ಸರಿ. ತೂತಿರುವ ಸರ್ವರ್ ನಡೆಯುತ್ತಲೇ ಇರುವುದು ನಿಂತ ಸರ್ವರಿಗಿಂತ ಅಪಾಯ.