ದಿ ರಘು ದೀಕ್ಷಿತ್ ಪ್ರಾಜೆಕ್ಟ್: ಮೊದಲ ಆಲ್ಬಮ್ ಮತ್ತು ಅದರ ಚಾರ್ಟ್ ಯಶಸ್ಸು

ಬೆಂಗಳೂರಿನ ಫೋಕ್ ರಾಕ್ ಬ್ಯಾಂಡ್ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ತನ್ನ ಹೆಸರನ್ನೇ ಹೊತ್ತ ಮೊದಲ ಆಲ್ಬಮನ್ನು 2008ರಲ್ಲಿ ಹೊರತಂದಿತು. ಎರಡು ವರ್ಷಗಳ ತರುವಾಯ ಅದು ಬ್ರಿಟನ್ನಿನ ಐಟ್ಯೂನ್ಸ್ ವರ್ಲ್ಡ್ ಮ್ಯೂಸಿಕ್ ಚಾರ್ಟ್‌ನ ಮೊದಲ ಸ್ಥಾನಕ್ಕೇರಿತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ ಕನ್ನಡ ತತ್ವಪದಗಳೂ ಇದ್ದ ಆಲ್ಬಮಿಗೆ ಇಂಥ ಸ್ಥಾನ ಸಿಕ್ಕಿದ್ದು ಕನ್ನಡದ ಸಿನಿಮೇತರ ಸಂಗೀತದ ಚರಿತ್ರೆಯಲ್ಲಿ ದೊಡ್ಡ ಘಟನೆ.

ಚಾರ್ಟ್ ಎಂಬುದೇ ಕನ್ನಡದ ಹಾಡಿಗೆ ಹೊಸದು. ಒಂದೇ ಹಾಡನ್ನು 'ಸಿಂಗಲ್' ಆಗಿ ಬಿಡುಗಡೆ ಮಾಡಿ, ವಾರವಾರವೂ ಅದರ ಮಾರಾಟ ಎಣಿಸಿ ಕ್ರಮಾಂಕ ಕೊಡುವ ರೂಢಿ ಬ್ರಿಟನ್ನಿನಲ್ಲಿ 1952ರಲ್ಲಿ ಆರಂಭವಾಯಿತು. ಅದೇ ವರ್ಷ ರೇಡಿಯೊ ಸಿಲೋನಿನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಶುರುವಾಯಿತಾದರೂ ಅದು ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮವಾಗಿತ್ತು. ಕನ್ನಡದ ಪದಕ್ಕೆ ಅಂಥ ಲೆಕ್ಕದ ಪುಸ್ತಕ ಇರಲಿಲ್ಲ. ಬಳ್ಳಾರಿಯ ರಂಗಗಾಯಕಿ ಸುಭದ್ರಮ್ಮ ಮನ್ಸೂರರ ಕಾಲದ ಕಂಪನಿ ನಾಟಕಗಳಲ್ಲಿ ಹಾಡು ಗೆದ್ದಿತೋ ಇಲ್ಲವೋ ಎಂಬುದನ್ನು ಪ್ರೇಕ್ಷಕರ 'ಒನ್ಸ್ ಮೋರ್' ಕೂಗು ತೀರ್ಮಾನಿಸುತ್ತಿತ್ತು. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಿಗಾದರೆ ಭಜನೆ ಮೇಳಗಳಿದ್ದವು. ದಮ್ಮಡಿ, ತಾಳ, ಹಾರ್ಮೋನಿಯಂ ಇಟ್ಟುಕೊಂಡು ರಾತ್ರಿಯಿಡೀ ಕೂತವರ ಬಾಯಲ್ಲಿ ಉಳಿದ ಪದವೇ ಗೆದ್ದ ಪದ. ಶರೀಫರ (1819–1889) ರಚನೆಗಳು ಉತ್ತರ ಕರ್ನಾಟಕದಲ್ಲಿ ಒಂದು ಶತಮಾನಕ್ಕೂ ಮಿಕ್ಕಿ ಬಾಳಿದ್ದು ಹೀಗೆ. ಮುಂದೆ ಸಿ. ಅಶ್ವತ್ಥ್ ಅವರ ಕ್ಯಾಸೆಟ್‌ಗಳೂ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' (1990) ಚಿತ್ರವೂ ಅವನ್ನು ನಾಡಿಗೆಲ್ಲ ಹಂಚಿದವು. ರಘು ದೀಕ್ಷಿತ್ ಕೈಗೆತ್ತಿಕೊಂಡದ್ದು ಹೀಗೆ ಜನ ಆಗಲೇ ಆರಿಸಿಟ್ಟಿದ್ದ ಪದಗಳನ್ನು.

ರಘು ಹುಟ್ಟಿದ್ದು 1974ರಲ್ಲಿ ನಾಸಿಕದಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವರು, ಭರತನಾಟ್ಯವನ್ನೂ ಕಲಿತವರು. ಗಿಟಾರ್ ಹಿಡಿದದ್ದು ಸಹಪಾಠಿಯೊಬ್ಬ ಒಡ್ಡಿದ ಸವಾಲಿಗೆ. ಉದ್ಯೋಗದ ನಿಮಿತ್ತ ಬೆಲ್ಜಿಯಂನಲ್ಲಿದ್ದಾಗ ಅಲ್ಲಿನ ರೇಡಿಯೊದಲ್ಲಿ ಅವರ ಹಾಡು ಪ್ರಸಾರವಾಯಿತು. ಊರಿಗೆ ಮರಳಿ ಸಂಗೀತವನ್ನೇ ನೆಚ್ಚಿಕೊಳ್ಳುವ ಧೈರ್ಯ ಬಂದದ್ದು ಆಗ. 1990ರ ದಶಕದ ಕೊನೆಯಲ್ಲಿ ಕಟ್ಟಿದ 'ಅಂತರಾಗ್ನಿ' ತಂಡ ಚದುರಿದ ಮೇಲೆ 2005ರ ಸುಮಾರಿಗೆ ಹೊಸ ಬ್ಯಾಂಡ್ ರೂಪುಗೊಂಡಿತು. ಗೌರವ್ ವಾಜ್, ವಿಜಯ್ ಜೋಸೆಫ್, ವಿಲ್ಫ್ರೆಡ್ ಡೆಮೋಜ್ ಮುಂತಾದವರು ಜೊತೆಗೂಡಿದರು. ಆಲ್ಬಮ್ ಮಾತ್ರ ಬೇಗ ಬರಲಿಲ್ಲ. ಕಡೆಗೆ ಮುಂಬೈಯ ಸಂಗೀತ ನಿರ್ದೇಶಕ ಜೋಡಿ ವಿಶಾಲ್–ಶೇಖರ್ ರಘು ಅವರ ಹಾಡು ಕೇಳಿ, ತಮ್ಮ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಮೂಲಕ ಅದನ್ನು ಹೊರತಂದರು. ಆಲ್ಬಮ್ ಬಂದ 2008ರಲ್ಲೇ 'ಸೈಕೊ' ಚಿತ್ರಕ್ಕೆ ರಘು ಸಂಗೀತ ನೀಡಿದರು. ಮಾದೇಶ್ವರನ ಮೇಲಿನ ಅದರ ಹಾಡು ಕರ್ನಾಟಕದಲ್ಲೆಲ್ಲ ಮೊಳಗಿತು. ಕನ್ನಡಿಗರಲ್ಲಿ ಅನೇಕರಿಗೆ ರಘು ಪರಿಚಯವಾದದ್ದು ಆಲ್ಬಮಿಗಿಂತ ಮೊದಲು ಆ ಹಾಡಿನಿಂದಲೇ.

ಆಲ್ಬಮಿನ 'ಹೇ ಭಗವಾನ್', 'ಮೈಸೂರ್ ಸೆ ಆಯೀ' ಹಿಂದಿ ಕೇಳುಗರನ್ನು ಸೆಳೆದವು. ಆದರೆ ಅದಕ್ಕೆ ತನ್ನದೇ ಮುಖ ಕೊಟ್ಟದ್ದು ಶರೀಫರ 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನೆಯ ಮಾಳಿಗಿ'. ಹುಕ್ಕಾ ಸೇದುವುದನ್ನೂ ಸೋರುವ ಮಾಳಿಗೆಯನ್ನೂ ಹೇಳುತ್ತ ದೇಹ, ಮನಸ್ಸು, ಮಾಯೆಯ ಕಡೆಗೆ ಕರೆದೊಯ್ಯುವ ಪದಗಳಿವು. ಗಿಟಾರ್, ಡ್ರಮ್ಸ್, ಪಿಟೀಲು ಸೇರಿದರೂ ಪದದ ಮೇಲೆ ವಾದ್ಯ ಏರಿ ಕೂರುವುದಿಲ್ಲ. ಮೇಳದ ಹಿಮ್ಮೇಳದವರಂತೆ ತಂಡವೆಲ್ಲ ಪಲ್ಲವಿಗೆ ದನಿಗೂಡಿಸುತ್ತದೆ. ಭಾಷೆ ಬಾರದವರೂ ಕುಣಿದದ್ದು ಈ ಕಟ್ಟಿನ ಬಲದಿಂದ.

2010ರಲ್ಲಿ ಬಿಬಿಸಿಯ 'ಲೇಟರ್... ವಿತ್ ಜೂಲ್ಸ್ ಹಾಲೆಂಡ್' ಕಾರ್ಯಕ್ರಮದಲ್ಲಿ ಬ್ಯಾಂಡ್ ಹಾಡಿತು. ಇದರ ಬೆನ್ನಿಗೇ ಆಲ್ಬಮ್ ಚಾರ್ಟ್ ಏರಿತು. ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಬ್ರಿಟನ್ನಿನ ಅಧಿಕೃತ ವಾರದ ಚಾರ್ಟ್ ಆಗ ನಾನಾ ಮಾರಾಟಗಾರರ ಲೆಕ್ಕ ಕೂಡಿಸಿ ಮಾಡುತ್ತಿದ್ದಂಥದ್ದು; ಐಟ್ಯೂನ್ಸಿನದು ಒಂದೇ ಅಂಗಡಿಯ, ಒಂದು ಪ್ರಕಾರದ ಸಂಗೀತಕ್ಕೆ ಸೀಮಿತವಾದ, ಬೇಗ ಬೇಗ ಬದಲಾಗುವ ಪಟ್ಟಿ. ಎರಡನ್ನೂ ಒಂದೇ ಎಂದು ಬರೆಯುವುದು ಸರಿಯಲ್ಲ. ಹಾಗೆಂದು ಸಾಧನೆ ಸಣ್ಣದೂ ಅಲ್ಲ: ಐಟ್ಯೂನ್ಸ್ ಅಂಗಡಿ ಭಾರತದಲ್ಲಿ ತೆರೆದದ್ದೇ 2012ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಬಳ್ಳಾರಿಯ ಅಭಿಮಾನಿ ಇಷ್ಟಪಟ್ಟರೂ ಆ ಲೆಕ್ಕಕ್ಕೆ ತನ್ನದೊಂದು ಡೌನ್‌ಲೋಡ್ ಸೇರಿಸುವಂತಿರಲಿಲ್ಲ. ಶರೀಫರ ಪದಗಳಿದ್ದ ಆಲ್ಬಮನ್ನು ಮೇಲಕ್ಕೆತ್ತಿದ್ದು ಬ್ರಿಟನ್ನಿನ ಕೊಳ್ಳುಗರು.

2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆ ಬ್ಯಾಂಡಿಗೆ ಅತ್ಯುತ್ತಮ ಹೊಸ ಪ್ರತಿಭೆಯ ಪ್ರಶಸ್ತಿ ಕೊಟ್ಟಿತು; ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಅದು ಹಾಡಿತು. 2012ರಲ್ಲಿ ರಾಣಿ ಎಲಿಜಬೆತ್ ಪಟ್ಟವೇರಿದ ವಜ್ರಮಹೋತ್ಸವಕ್ಕಾಗಿ ವಿಂಡ್ಸರ್‌ನಲ್ಲಿ ನಡೆದ ಪ್ರದರ್ಶನದಲ್ಲೂ ಪಾಲ್ಗೊಂಡಿತು. ಬ್ಯಾಂಡಿನ ಎರಡನೆಯ ಆಲ್ಬಮ್ 'ಜಗ್ ಚಂಗಾ' 2013ರಲ್ಲಿ ಬಂತು. ಅದರಲ್ಲೂ ಶರೀಫರಿದ್ದಾರೆ, ಈ ಬಾರಿ 'ಲೋಕದ ಕಾಳಜಿ' ಪದದೊಂದಿಗೆ.