ಎನ್‌ಕ್ಲೆಕ್ಸ್ ತಯಾರಿ: ಅಭ್ಯಾಸ ಪ್ರಶ್ನೆಗಳನ್ನು ಬಳಸಿಕೊಳ್ಳುವ ಬಗೆ

ಅಮೆರಿಕದಲ್ಲಿ ರಿಜಿಸ್ಟರ್ಡ್ ನರ್ಸ್ ಆಗಬೇಕಾದವರು ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆ ಪಾಸಾಗಲೇಬೇಕು. ಅಲ್ಲಿನ ರಾಜ್ಯಗಳ ನರ್ಸಿಂಗ್ ಮಂಡಳಿಗಳ ಒಕ್ಕೂಟವಾದ ಎನ್‌ಸಿಎಸ್‌ಬಿಎನ್ ಇದನ್ನು ನಡೆಸುತ್ತದೆ. ಕೆನಡಾದ ಬಹುತೇಕ ಪ್ರಾಂತ್ಯಗಳೂ 2015ರಿಂದ ಇದನ್ನೇ ಒಪ್ಪಿಕೊಂಡಿವೆ. ಬೆಂಗಳೂರಿನಲ್ಲೇ ಪರೀಕ್ಷಾ ಕೇಂದ್ರ ಇರುವುದರಿಂದ ನಮ್ಮ ನರ್ಸಿಂಗ್ ಪದವೀಧರರು ಇದಕ್ಕಾಗಿ ದೇಶ ಬಿಟ್ಟು ಹೋಗಬೇಕಿಲ್ಲ. ಆದರೆ ಕಾಯಿಲೆಯ ಕಾರಣ, ಲಕ್ಷಣ, ಆರೈಕೆಗಳನ್ನು ಪುಟಗಟ್ಟಲೆ ಬರೆದು ರೂಢಿಯಾದವರಿಗೆ ಈ ಪರೀಕ್ಷೆ ಹೊಸದೇ. ಈ ರೋಗಿಗೆ ಈಗ ಮೊದಲು ಏನು ಮಾಡುತ್ತೀರಿ ಎಂಬುದೇ ಇಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ. ಆ ನಿರ್ಧಾರ ಕೈಗೂಡಬೇಕಾದರೆ ಅಭ್ಯಾಸ ಪ್ರಶ್ನೆಗಳನ್ನು ಬಿಡಿಸದೆ ವಿಧಿಯಿಲ್ಲ.

ಪರೀಕ್ಷೆ ನಡೆಯುವ ರೀತಿ

1994ರಿಂದ ಎನ್‌ಕ್ಲೆಕ್ಸ್ ಕಂಪ್ಯೂಟರಿನಲ್ಲೇ ನಡೆಯುತ್ತಿದೆ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಇರುವುದಿಲ್ಲ. ಸರಿಯುತ್ತರ ಕೊಟ್ಟವರಿಗೆ ಮುಂದಿನ ಪ್ರಶ್ನೆ ತುಸು ಕಠಿಣವಾಗುತ್ತದೆ, ತಪ್ಪಿದವರಿಗೆ ತುಸು ಸುಲಭವಾಗುತ್ತದೆ. ಕನಿಷ್ಠ 85, ಗರಿಷ್ಠ 150 ಪ್ರಶ್ನೆ. ಸಮಯ ಐದು ಗಂಟೆ. ಅಭ್ಯರ್ಥಿ ಉತ್ತೀರ್ಣ ಮಟ್ಟಕ್ಕಿಂತ ಮೇಲಿದ್ದಾರೋ ಕೆಳಗಿದ್ದಾರೋ ಎಂಬುದು ಶೇ. 95ರಷ್ಟು ಖಾತ್ರಿಯಾದರೆ ಪರೀಕ್ಷೆ ಅಲ್ಲಿಗೇ ನಿಲ್ಲುತ್ತದೆ. ದಾಟಿದ ಪ್ರಶ್ನೆಗೆ ಮರಳಲು ಅವಕಾಶವಿಲ್ಲ.

ಕಂಪ್ಯೂಟರ್ ಸದಾ ನಮ್ಮ ಮಟ್ಟಕ್ಕೆ ಸರಿಗಟ್ಟುವ ಪ್ರಶ್ನೆಯನ್ನೇ ಹುಡುಕುವುದರಿಂದ, ಚೆನ್ನಾಗಿ ತಯಾರಾದವರಿಗೂ ಹೆಚ್ಚುಕಡಿಮೆ ಅರ್ಧದಷ್ಟು ತಪ್ಪುತ್ತವೆ. ಹಾಗಾಗಿ ಅಭ್ಯಾಸದಲ್ಲಿ ಶೇ. 60 ಬಂತೆಂದು ಅತ್ತು ಕೂರುವುದರಲ್ಲಿ ಅರ್ಥವಿಲ್ಲ.

2023ರ ಏಪ್ರಿಲ್‌ನಿಂದ ಪ್ರಕರಣ ಆಧಾರಿತ ಪ್ರಶ್ನೆಗಳು ಸೇರಿವೆ. ಒಬ್ಬ ರೋಗಿಯ ದಾಖಲೆ ಕೊಟ್ಟು, ಅದರ ಮೇಲೆ ಆರು ಪ್ರಶ್ನೆ ಕೇಳುತ್ತಾರೆ. ಇಂಥ ಮೂರು ಪ್ರಕರಣಗಳಾದರೂ ಎದುರಾಗುತ್ತವೆ. ಸರಿಯಾದ ಎಲ್ಲವನ್ನೂ ಆರಿಸುವ ಪ್ರಶ್ನೆಗಳಿಗೆ ಈಗ ಭಾಗಶಃ ಅಂಕ ಉಂಟು, ಆದರೆ ತಪ್ಪು ಆಯ್ಕೆಗೆ ಅಂಕ ಕಳೆಯುತ್ತಾರೆ. ಎಲ್ಲಕ್ಕೂ ಗುರುತು ಹಾಕಿ ಪಾರಾಗುವಂತಿಲ್ಲ.

ಒಂದು ಪ್ರಶ್ನೆಯನ್ನು ಬಿಡಿಸಿ ನೋಡಿದರೆ

ಡ್ಯೂಟಿ ಬದಲಾಗಿದೆ, ನಿಮ್ಮ ಪಾಲಿಗೆ ನಾಲ್ವರು ರೋಗಿಗಳು. ಮೊದಲನೆಯವರಿಗೆ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯಾಗಿದೆ; ನೋವು ಹತ್ತರಲ್ಲಿ ಏಳು ಎನ್ನುತ್ತಿದ್ದಾರೆ. ಎರಡನೆಯವರು ಸಿಒಪಿಡಿ ರೋಗಿ, ಆಕ್ಸಿಜನ್ ಪ್ರಮಾಣ ಶೇ. 90. ಮೂರನೆಯವರಿಗೆ ನಿನ್ನೆ ಥೈರಾಯ್ಡ್ ತೆಗೆದಿದ್ದಾರೆ. ಬೆರಳ ತುದಿ, ಬಾಯಿಯ ಸುತ್ತ ಜುಮ್ಮೆನ್ನುತ್ತಿದೆ ಎನ್ನುತ್ತಾರೆ. ನಾಲ್ಕನೆಯವರು ಮಧುಮೇಹಿ, ಗ್ಲೂಕೋಸ್ 210. ಯಾರ ಬಳಿ ಮೊದಲು ಹೋಗಬೇಕು?

ಉಸಿರಾಟಕ್ಕೇ ಮೊದಲ ಆದ್ಯತೆ ಎಂದು ಕಲಿತವರ ಕೈ ಎರಡನೆಯವರತ್ತ ಓಡುತ್ತದೆ. ಆದರೆ ಸಿಒಪಿಡಿ ಇರುವವರಲ್ಲಿ 88ರಿಂದ 92 ಇದ್ದರೆ ಅದೇ ಗುರಿ. ಸರಿಯುತ್ತರ ಮೂರನೆಯವರು. ಥೈರಾಯ್ಡ್ ತೆಗೆಯುವಾಗ ಅದಕ್ಕಂಟಿದ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟಾದರೆ ರಕ್ತದ ಕ್ಯಾಲ್ಸಿಯಂ ಕುಸಿಯುತ್ತದೆ. ಜುಮ್ಮೆನ್ನುವುದು ಅದರ ಮೊದಲ ಸುಳಿವು. ಮುಂದೆ ಸ್ನಾಯುಗಳು ಸೆಟೆದು, ಧ್ವನಿಪೆಟ್ಟಿಗೆ ಬಿಗಿದು ಉಸಿರೇ ಕಟ್ಟಬಹುದು. ನೋವಿಗೂ ಸಕ್ಕರೆಗೂ ಗಮನ ಬೇಕು, ಆದರೆ ಅವು ಸ್ವಲ್ಪ ಹೊತ್ತು ಕಾಯಬಲ್ಲವು.

ಒಂದೇ ಪ್ರಶ್ನೆಯಲ್ಲಿ ನಾಲ್ಕು ಪಾಠಗಳಿವೆ. ನೂರು ಪ್ರಶ್ನೆ ಓಡಿಸಿ ಅಂಕ ನೋಡಿ ಮುಚ್ಚಿಡುವುದಕ್ಕಿಂತ ಇಪ್ಪತ್ತೈದನ್ನು ಹೀಗೆ ಬಿಡಿಸುವುದೇ ಮೇಲು. ತಪ್ಪಿದ ಪ್ರತಿಯೊಂದಕ್ಕೂ ಕಾರಣ ಬರೆದಿಡಿ: ವಿಷಯವೇ ಗೊತ್ತಿರಲಿಲ್ಲವೋ, ಪ್ರಶ್ನೆಯನ್ನು ಅವಸರದಲ್ಲಿ ಓದಿದಿರೋ, ಸರಿಯುತ್ತರ ಹಾಕಿ ಆಮೇಲೆ ಬದಲಿಸಿದಿರೋ. ಊಹೆಯಿಂದ ಸರಿಯಾದದ್ದೂ ಅದೇ ಪುಸ್ತಕಕ್ಕೆ ಸೇರಬೇಕು.

ಮತ್ತೆ ಓದುವುದೋ, ಉತ್ತರಿಸಿ ನೋಡುವುದೋ

ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ಹೆಸರುವಾಸಿಯಾದದ್ದು. ಕೆಲವು ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಓದಿದರು, ಕೆಲವರು ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ವಾರದ ನಂತರ ನೆನಪಿನಿಂದ ಬರೆದವರು ಮುಂದಾದರು. ಮತ್ತೆ ಮತ್ತೆ ಓದುವುದರಿಂದ ಬರುವ ಧೈರ್ಯ ಎಷ್ಟು ಬೇಗ ಕರಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ನಮ್ಮವರು ಎಡವುವ ಕಡೆ

ನಮ್ಮ ವಾರ್ಡುಗಳ ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸೆಟಮಿನೋಫೆನ್. ಸಾಲ್ಬ್ಯುಟಮಾಲ್ ಅಲ್ಲಿ ಆಲ್ಬ್ಯುಟೆರಾಲ್. ಅಡ್ರಿನಲಿನ್ ಅಲ್ಲಿ ಎಪಿನೆಫ್ರಿನ್. ಹೆಸರುಗಳನ್ನು ಕಲಿಯುವುದು ಕಷ್ಟವಲ್ಲ. ಕಷ್ಟವಾಗುವುದು ಕೆಲಸ ಹಂಚುವ ಪ್ರಶ್ನೆಗಳು. ಸ್ಥಿರವಾಗಿರುವ ರೋಗಿಯ ಬಿಪಿ ನೋಡಲು ಸಹಾಯಕರಿಗೆ ಹೇಳಬಹುದು, ಆದರೆ ಹೊಸ ರೋಗಿಯ ಮೊದಲ ತಪಾಸಣೆಯನ್ನು ರಿಜಿಸ್ಟರ್ಡ್ ನರ್ಸ್ ತಾವೇ ಮಾಡಬೇಕು. ಎಲ್ಲದಕ್ಕೂ ಡಾಕ್ಟರನ್ನು ಕರೆಯುವುದು ಸರಿಯುತ್ತರವಲ್ಲ. ಅದಕ್ಕೆ ಮುನ್ನ ನರ್ಸ್ ಮಾಡಬಹುದಾದದ್ದು ಏನಾದರೂ ಇದೆಯೇ ಎಂದು ಯೋಚಿಸುವುದು ಅಭ್ಯಾಸದಿಂದಷ್ಟೇ ಬರುತ್ತದೆ.

ಕೊನೆಯ ವಾರಗಳು

ಎಂಬತ್ತೈದಕ್ಕೂ ಹೆಚ್ಚು ಪ್ರಶ್ನೆಗಳ ಪೂರ್ಣ ಅಣಕು ಪರೀಕ್ಷೆಯನ್ನು ಒಂದೇ ಕೂತಲ್ಲಿ, ಫೋನ್ ದೂರವಿಟ್ಟು ಬರೆಯಿರಿ. ನಿಜವಾದ ಪರೀಕ್ಷೆಯಲ್ಲಿ ಬಿಡುವು ಸಿಗುತ್ತದೆ, ಆದರೆ ಗಡಿಯಾರ ನಿಲ್ಲುವುದಿಲ್ಲ. ‘ಅಸಲಿ ಪ್ರಶ್ನೆ’ ಎಂದು ವಾಟ್ಸಾಪ್‌ನಲ್ಲಿ ಹರಿದಾಡುವ ಪಿಡಿಎಫ್‌ಗಳನ್ನು ಮುಟ್ಟಬೇಡಿ. ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲವೆಂದು ಒಪ್ಪಿಯೇ ಪ್ರತಿಯೊಬ್ಬರೂ ಪರೀಕ್ಷೆಗೆ ಕೂರುತ್ತಾರೆ, ನಿಯಮ ಮೀರಿದವರ ಫಲಿತಾಂಶವೇ ರದ್ದಾಗಬಹುದು.

ಫೇಲಾದವರಿಗೆ ಯಾವ ವಿಭಾಗದಲ್ಲಿ ಉತ್ತೀರ್ಣ ಮಟ್ಟಕ್ಕಿಂತ ಮೇಲೆ, ಸಮೀಪ ಅಥವಾ ಕೆಳಗಿದ್ದರೆಂದು ತೋರಿಸುವ ವರದಿ ಬರುತ್ತದೆ. ಮತ್ತೆ ಬರೆಯಲು ಕನಿಷ್ಠ 45 ದಿನ ಕಾಯಬೇಕು. ಆ ದಿನಗಳ ಅಭ್ಯಾಸವನ್ನು ‘ಕೆಳಗೆ’ ಎಂದು ಬಂದ ವಿಭಾಗದಿಂದಲೇ ಶುರುಮಾಡಬಹುದು.